ಟೋಕನ್‌ಗೂ ಒಂದು ಇ.ಸಿ. ತೆಗೆಸಿ

ಹಾಸನದಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿ ಪಕ್ಕ ಕೂತು ಇಪ್ಪತ್ತೆರಡು ವರ್ಷದಿಂದ ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಬರೆದುಕೊಂಡು ಬಂದವನು ನಾನು. ಜಮೀನು ಕೊಳ್ಳುತ್ತೇನೆ ಅಂತ ಯಾರೇ ಬಂದರೂ ಮೊದಲು ರೇಟಿನ ಮಾತಿಲ್ಲ. ಇ.ಸಿ. (ಆಸ್ತಿಯ ಹಿಂದಿನ ವಹಿವಾಟು, ಸಾಲ ತೋರಿಸುವ ಋಣಭಾರ ಪತ್ರ) ತೆಗೆಸಿದ್ದೀರಾ, ಪಹಣಿಯ 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ನೇ ಕಾಲಂನಲ್ಲಿ ಯಾವ ಸಾಲ ಕೂತಿದೆ, ಇಷ್ಟು ಕೇಳುತ್ತೇನೆ. ಅದನ್ನು ನೋಡದೆ ಮುಂಗಡ ಕೊಟ್ಟು ಆಮೇಲೆ ಕೋರ್ಟು ಅಲೆಯುವವರು ವಾರಕ್ಕೊಬ್ಬರಾದರೂ ನನ್ನ ಮೇಜಿನ ಮುಂದೆ ಕೂರುತ್ತಾರೆ.

ಕಳೆದ ವರ್ಷ ಹಾಗೆ ಬಂದು ಕೂತವನು ಆಲೂರಿನ ನನ್ನ ಭಾವಮೈದ. ಶುಂಠಿ ಮಾರಿದ ದುಡ್ಡಲ್ಲಿ 80 ಸಾವಿರವನ್ನು ಯಾವುದೋ ಟೆಲಿಗ್ರಾಂ ಗುಂಪಿನ ಮಾತು ಕೇಳಿ ಒಂದು ಕ್ರಿಪ್ಟೋ ಟೋಕನ್‌ಗೆ, ಅಂದರೆ ಆನ್‌ಲೈನ್‌ನಲ್ಲಷ್ಟೇ ಇರುವ ನಾಣ್ಯಕ್ಕೆ, ಹಾಕಿದ್ದ.

"ಭಾವ, ನೋಡಿ, ಹನ್ನೊಂದು ಲಕ್ಷ ತೋರಿಸ್ತಿದೆ. ಮಾರೋಕೆ ಹೋದ್ರೆ ಮಾತ್ರ ಆಗ್ತಿಲ್ಲ."

"ಇ.ಸಿ. ನೋಡಿದ್ಯೇನೋ?"

"ಇದಕ್ಕೆಲ್ಲಿ ಇ.ಸಿ. ಭಾವ?"

ಇದೆ. ಬ್ಲಾಕ್‌ಚೈನ್ ಎಕ್ಸ್‌ಪ್ಲೋರರ್ ಅಂತ ಅದರ ಹೆಸರು. ಬ್ಲಾಕ್‌ಚೈನ್ ಅಂದರೆ ಟೋಕನ್ ವಹಿವಾಟು ದಾಖಲಾಗುವ ಸಾರ್ವಜನಿಕ ಲೆಕ್ಕದ ಪುಸ್ತಕ, ಅದನ್ನು ತೆರೆದು ತೋರಿಸುವ ವೆಬ್‌ಸೈಟೇ ಎಕ್ಸ್‌ಪ್ಲೋರರ್. ಯಾರಿಂದ ಯಾರಿಗೆ ಎಷ್ಟು ಹೋಯಿತು, ಎಷ್ಟು ಗಂಟೆಗೆ ಹೋಯಿತು ಅಂತ ಒಂದೊಂದು ವಹಿವಾಟೂ ಅಲ್ಲಿ ದಾಖಲು. ಅರ್ಜಿ ಬೇಡ, ಶುಲ್ಕ ಬೇಡ, ಲಾಗಿನ್ನೂ ಬೇಡ. ನಾನೂ ಒಂದಷ್ಟು ದುಡ್ಡು ಕಳಕೊಂಡೇ ಕಲಿತದ್ದು. ಆ ಕಥೆ ಆಮೇಲೆ.

ಮೊದಲು ಬೇಕಾದದ್ದು ಕಾಂಟ್ರಾಕ್ಟ್ ವಿಳಾಸ. ಕಾಂಟ್ರಾಕ್ಟ್ ಅಂದರೆ ಇಲ್ಲಿ ಕರಾರುಪತ್ರವಲ್ಲ, ಟೋಕನ್ನನ್ನು ನಡೆಸುವ ಕಂಪ್ಯೂಟರ್ ಪ್ರೋಗ್ರಾಂ. ಟೋಕನ್ನಿನ ಹೆಸರು ಕಟ್ಟಿಕೊಂಡು ಏನೂ ಆಗುವುದಿಲ್ಲ. ಯಾರು ಬೇಕಾದರೂ ಯಾವ ಹೆಸರಲ್ಲಿ ಬೇಕಾದರೂ ಟೋಕನ್ ಹುಟ್ಟಿಸಬಹುದು, ಡಾಲರ್ ಬೆಲೆಗೆ ಕಟ್ಟಿದ ಹೆಸರಾಂತ ಟೋಕನ್ ಯುಎಸ್‌ಡಿಟಿ ಅಂತಲೇ ಹೆಸರಿಟ್ಟ ನಕಲಿಗಳು ಬೇಕಾದಷ್ಟಿವೆ. ನಮ್ಮ ತಾಲ್ಲೂಕಲ್ಲಿ ರಂಗೇಗೌಡರು ಎಷ್ಟು ಜನ ಇಲ್ಲ? ಜಮೀನು ಗುರುತಿಸುವುದು ಸರ್ವೆ ನಂಬರಿಂದ. ಇಲ್ಲಿ ಸರ್ವೆ ನಂಬರ್ ಅಂದರೆ ಸೊನ್ನೆ, ಎಕ್ಸ್ ಅಂತ ಶುರುವಾಗಿ ಮುಂದೆ 40 ಅಕ್ಷರ-ಅಂಕಿ ಇರುವ ಉದ್ದನೆಯ ಸಾಲು. ಬ್ಲಾಕ್‌ಚೈನ್‌ಗಳು ಹಲವು, ಒಂದೊಂದಕ್ಕೂ ಒಂದು ಎಕ್ಸ್‌ಪ್ಲೋರರ್. ಟೋಕನ್ ಇಥೀರಿಯಂ ಮೇಲಿನದಾದರೆ ಈಥರ್‌ಸ್ಕ್ಯಾನ್, ಬಿಎನ್‌ಬಿ ಚೈನ್ ಆದರೆ ಬಿಎಸ್‌ಸಿಸ್ಕ್ಯಾನ್ ತೆರೆದು ಹುಡುಕುವ ಜಾಗದಲ್ಲಿ ಅದನ್ನು ಅಂಟಿಸಿ. ಸೊಲಾನಾಕ್ಕೆ ಸೋಲ್‌ಸ್ಕ್ಯಾನ್, ಟ್ರಾನ್‌ಗೆ ಟ್ರಾನ್‌ಸ್ಕ್ಯಾನ್. ಅಲ್ಲಿನ ವಿಳಾಸದ ರೂಪ ಬೇರೆ. ಗುಂಪಿನಲ್ಲಿ ಕಳಿಸಿದ ಲಿಂಕ್ ಒತ್ತಬೇಡಿ, ಸೈಟಿನ ಹೆಸರನ್ನು ನೀವೇ ಟೈಪ್ ಮಾಡಿ. ಎಕ್ಸ್‌ಪ್ಲೋರರ್ ಥರವೇ ಕಾಣುವ ನಕಲಿ ಪುಟಗಳೂ ಇವೆ. ಬರೀ ನೋಡುವುದಕ್ಕೆ ವ್ಯಾಲೆಟ್ (ಟೋಕನ್ ಇಟ್ಟುಕೊಳ್ಳುವ ಆ್ಯಪ್) ಜೋಡಿಸಿ, ಅದರ ಗುಟ್ಟಿನ ಕೀಲಿಯಾದ ಹನ್ನೆರಡು ಪದ ಹಾಕಿ ಅಂತ ಕೇಳಿದರೆ ಅದು ಎಕ್ಸ್‌ಪ್ಲೋರರ್ ಅಲ್ಲ.

ಪುಟ ತೆರೆದ ಮೇಲೆ ಕಾಂಟ್ರಾಕ್ಟ್ ಸೃಷ್ಟಿಸಿದವರ ವಿಳಾಸ ಒತ್ತಿ ನೋಡಿ. ಭಾವಮೈದನ ಟೋಕನ್ ಹುಟ್ಟಿ ಹತ್ತೊಂಬತ್ತು ದಿನವಾಗಿತ್ತು. ಗುಂಪಿನಲ್ಲಿ "ಮೂರು ವರ್ಷದ ನಂಬಿಕಸ್ಥ ಪ್ರಾಜೆಕ್ಟ್" ಅಂತ ಬರೆದಿದ್ದರು! ಅದೇ ವಿಳಾಸದಿಂದ ಅದಕ್ಕೂ ಹಿಂದೆ ಇನ್ನೂ ನಾಲ್ಕು ಟೋಕನ್ ಹುಟ್ಟಿದ್ದವು, ನಾಲ್ಕೂ ಈಗ ಸತ್ತು ಮಲಗಿವೆ. ಒಂದೇ ನಿವೇಶನವನ್ನು ನಾಲ್ಕು ಜನಕ್ಕೆ ಬರೆದುಕೊಟ್ಟವನು ಐದನೆಯವನ ಮುಂದೆ ಬಂದು ಕೂತ ಹಾಗೆ.

ಆಮೇಲೆ ಹೋಲ್ಡರ್ಸ್ ಪಟ್ಟಿ, ಯಾರ ಬಳಿ ಎಷ್ಟು ಪಾಲು ಟೋಕನ್ ಇದೆ ಅಂತ. ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ಮೊದಲ ಸಾಲಲ್ಲಿ ಶೇಕಡಾ 60 ಕಂಡ ತಕ್ಷಣ ಗಾಬರಿಯಾಗಬೇಕಿಲ್ಲ. ಅದು ಟೋಕನ್ ಸುಟ್ಟುಹಾಕುವ, ಅಂದರೆ ಯಾರೂ ಮತ್ತೆ ತೆಗೆಯಲಾಗದಂತೆ ಕಳಿಸಿಬಿಡುವ, ವಿಳಾಸ ಇರಬಹುದು, ಅದರ ಕೊನೆಯಲ್ಲಿ ಸಾಮಾನ್ಯವಾಗಿ ಡೆಡ್ ಅಂತ ಇರುತ್ತದೆ. ವಿನಿಮಯ ಕೇಂದ್ರದ ವ್ಯಾಲೆಟ್ ಇರಬಹುದು, ಅದರ ಮೇಲೆ ಹೆಸರಿನ ಚೀಟಿ ಇರುತ್ತದೆ. ಕೊಳ್ಳುವ ಮಾರುವ ಪೂಲ್ (ಟೋಕನ್ನೂ ಹಣವೂ ಕೂಡಿಟ್ಟ ಕೊಳ, ಕೊಳ್ಳುವವರು ಮಾರುವವರು ಅದರ ಜೊತೆಗೇ ವಹಿವಾಟು ಮಾಡುತ್ತಾರೆ) ಇರಬಹುದು, ಪಕ್ಕದಲ್ಲಿ ಕಾಗದದ ಪುಟ್ಟ ಚಿತ್ರ ಇದ್ದರೆ ಅದು ಮನುಷ್ಯರ ವ್ಯಾಲೆಟ್ ಅಲ್ಲ, ಕಾಂಟ್ರಾಕ್ಟ್. ಇವನ್ನೆಲ್ಲ ಕಳೆದು ಉಳಿದದ್ದನ್ನು ನೋಡಿ. ನಮ್ಮ ಕೇಸಿನಲ್ಲಿ ಹೀಗೆ ಕಳೆದ ಮೇಲೂ ಏಳು ವಿಳಾಸಗಳಲ್ಲಿ ತಲಾ ಸರಿಯಾಗಿ ಶೇಕಡಾ 8 ಇತ್ತು, ಏಳಕ್ಕೂ ಒಂದೇ ದಿನ ಒಂದೇ ಕಡೆಯಿಂದ ಬಂದದ್ದು. ಜಮೀನನ್ನು ಹೆಂಡತಿ, ಮಗ, ಸೊಸೆ, ಅಳಿಯ ಅಂತ ಹೆಸರು ಹಂಚಿ ಇಡುವ ಆಟ ನಮಗೆ ಗೊತ್ತಿಲ್ಲದ್ದೇನಲ್ಲ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು ಟ್ರಾನ್ಸ್‌ಫರ್ಸ್ ಪಟ್ಟಿ. ಸಮಯ ಇಲ್ಲ ಅನ್ನುವವರು ಬೇರೆ ಏನು ಬಿಟ್ಟರೂ ಇದೊಂದನ್ನು ಬಿಡಬೇಡಿ. ಪ್ರತಿ ಸಾಲಿನಲ್ಲೂ ಫ್ರಮ್, ಟು ಅಂತ ಎರಡು ವಿಳಾಸ ಇರುತ್ತವೆ. ಪೂಲಿನ ವಿಳಾಸ ಫ್ರಮ್ ಕಡೆ ಇದ್ದರೆ ಯಾರೋ ಟೋಕನ್ ಕೊಂಡರು ಅಂತ ಅರ್ಥ. ಪೂಲ್ ಟು ಕಡೆ ಇದ್ದರೆ ಯಾರೋ ಮಾರಿದರು. ಒಂದು ಹಾಳೆ ತಗೊಂಡು ನಡುವೆ ಗೆರೆ ಎಳೆದು ಎಡಕ್ಕೆ ಖರೀದಿ, ಬಲಕ್ಕೆ ಮಾರಾಟ ಅಂತ ಕಡ್ಡಿ ಹಾಕುತ್ತಾ ಹೋಗಿ. ನಾನೂ ಭಾವಮೈದನೂ ಸಂಜೆ ಐದಕ್ಕೆ ಕೂತು ಇನ್ನೂರು ಸಾಲು ನೋಡಿದೆವು. ಎಡಗಡೆ ಕಡ್ಡಿ ತುಂಬಿ ಹಾಳೆ ತಿರುಗಿಸಬೇಕಾಯಿತು. ಬಲಗಡೆ ಹನ್ನೊಂದು ಕಡ್ಡಿ, ಹನ್ನೊಂದೂ ಎರಡೇ ವಿಳಾಸದವು. ಆ ಎರಡೂ ಮೇಲೆ ಹೇಳಿದ ಏಳರಲ್ಲಿನವೇ.

ಕೊಂಡವರಲ್ಲಿ ಒಬ್ಬನ ವಿಳಾಸ ಒತ್ತಿ ಅವನ ವಹಿವಾಟು ತೆಗೆದೆ. ಕೆಂಪು ಗುರುತು ಹಾಕಿದ ಸಾಲುಗಳು, ಒಂದರ ಕೆಳಗೊಂದು. ಮಾರಲು ಹೋಗಿ ವಿಫಲವಾದ ಪ್ರಯತ್ನಗಳು ಅವು. ಒಮ್ಮೆ ಅಷ್ಟೂ ಟೋಕನ್ ಮಾರಲು ನೋಡಿದ್ದಾನೆ, ಆಮೇಲೆ ಅರ್ಧ, ಆಮೇಲೆ ಕಾಲು ಭಾಗ. ರಾತ್ರಿ ಎರಡು ಗಂಟೆಯಲ್ಲೂ ಒಂದು. ವಿಫಲವಾದರೂ ಗ್ಯಾಸ್ ಶುಲ್ಕ, ಅಂದರೆ ವಹಿವಾಟು ನಡೆಸಲು ಬ್ಲಾಕ್‌ಚೈನ್‌ಗೆ ಕಟ್ಟುವ ದುಡ್ಡು, ಮಾತ್ರ ಪ್ರತಿ ಸಲವೂ ಕಡಿತ. ಅವನು ಯಾವ ದೇಶದವನೋ ಏನೋ, ಅವನ ಹೆಸರು ನಮಗೆ ಎಂದೂ ತಿಳಿಯುವುದಿಲ್ಲ. ಭಾವಮೈದ ಮಾತ್ರ ಫೋನ್ ಕೆಳಗಿಟ್ಟು "ಇವ್ನೂ ನನ್ ಥರಾನೇ ಭಾವ" ಅಂದ.

ಹನಿಪಾಟ್ ಅಂತಾರೆ ಈ ಬಲೆಗೆ. ಎಲ್ಲರೂ ಕೊಳ್ಳಬಹುದು, ಮಾರುವ ಹಕ್ಕು ಹುಟ್ಟಿಸಿದವನ ಕೈಲಿ. ಮಾರುವವರೇ ಇಲ್ಲದ ಕಡೆ ಬೆಲೆಯ ಗೆರೆ ಮೇಲಕ್ಕೇ ಹೋಗುತ್ತದೆ, ಅದನ್ನು ನೋಡಿ ಇನ್ನಷ್ಟು ಜನ ಬೀಳುತ್ತಾರೆ. ಕೊರಿಯಾದ ಜನಪ್ರಿಯ ವೆಬ್ ಸರಣಿಯೊಂದರ ಹೆಸರು ಹೊತ್ತು 2021ರ ಅಕ್ಟೋಬರ್‌ನಲ್ಲಿ ಬಂದ ಸ್ಕ್ವಿಡ್ ಟೋಕನ್ ಇದಕ್ಕೆ ಹೆಸರುವಾಸಿ. ಮಾರಲು ಆಗುತ್ತಿಲ್ಲ ಅಂತ ಜನ ಆಗಲೇ ಕೂಗುತ್ತಿದ್ದರು. ಆದರೂ ನವೆಂಬರ್ 1ರಂದು ಬೆಲೆ 2,861 ಡಾಲರ್‌ವರೆಗೆ ಏರಿ, ನಿಮಿಷಗಳಲ್ಲಿ ಒಂದು ಸೆಂಟಿಗಿಂತ ಕೆಳಗೆ ಕುಸಿಯಿತು.

ಇನ್ನು ಕಾಂಟ್ರಾಕ್ಟ್ ಟ್ಯಾಬ್. ಹಸಿರು ಟಿಕ್ ಗುರುತು ನೋಡಿ ಮರುಳಾಗಬೇಡಿ. ತೋರಿಸಿದ ಕೋಡೂ ಚೈನ್ ಮೇಲೆ ಓಡುತ್ತಿರುವ ಕೋಡೂ ಒಂದೇ ಅಂತ ಮಾತ್ರ ಅದು ಹೇಳುತ್ತದೆ. ದೃಢೀಕೃತ ನಕಲು ಅನ್ನುತ್ತೇವಲ್ಲ, ಹಾಗೆ; ಮೂಲ ಪತ್ರದಲ್ಲೇ ಮೋಸ ಇದ್ದರೆ ನಕಲಲ್ಲೂ ಅದೇ ಮೋಸ ಇರುತ್ತದೆ. ಟಿಕ್ ಇಲ್ಲವೇ ಇಲ್ಲ ಅಂದರೆ ಅಲ್ಲಿಗೇ ಬಿಟ್ಟುಬಿಡಿ. ಕೋಡ್ ಓದಲು ನನಗೂ ಬರುವುದಿಲ್ಲ, ಪದ ಹುಡುಕಲು ಬರುತ್ತದೆ. ಮಿಂಟ್ ಅಂತ ಇದ್ದರೆ ಹೊಸ ಟೋಕನ್ ಬೇಕಾದಷ್ಟು ಅಚ್ಚು ಹಾಕುವ ದಾರಿ ಇರಬಹುದು. ಬ್ಲಾಕ್‌ಲಿಸ್ಟ್ ಇದ್ದರೆ ನಿಮ್ಮೊಬ್ಬರ ಮಾರಾಟ ತಡೆಯಬಹುದು. ಸೆಟ್ ಫೀ, ಸೆಟ್ ಟ್ಯಾಕ್ಸ್ ಥರದ್ದು ಇದ್ದರೆ ಮಾರಾಟದ ಮೇಲಿನ ಕಡಿತವನ್ನು ನಾಳೆ ಶೇಕಡಾ 99 ಮಾಡಿದರೂ ಕೇಳುವವರಿಲ್ಲ. ಇವು ಇದ್ದಮಾತ್ರಕ್ಕೆ ಮೋಸ ಅಂತಲ್ಲ, ದೊಡ್ಡ ಹೆಸರಿನ ಟೋಕನ್‌ಗಳಲ್ಲೂ ಇರುತ್ತವೆ. ಆ ಅಧಿಕಾರ ಯಾರ ಕೈಲಿದೆ ಅನ್ನುವುದು ಪ್ರಶ್ನೆ. ರೀಡ್ ಕಾಂಟ್ರಾಕ್ಟ್ ಒಳಗೆ ಓನರ್ ಅಂತ ಇರುವುದನ್ನು ಒತ್ತಿ. ಬರೀ ಸೊನ್ನೆಗಳ ವಿಳಾಸ ಬಂದರೆ ಜಿಪಿಎ (ಅಧಿಕಾರ ಪತ್ರ) ರದ್ದು ಮಾಡಿದ್ದಾರೆ ಅಂತ ತಿಳಿಯಿರಿ, ಆದರೆ ಬೇರೆ ಹೆಸರಲ್ಲಿ ಇನ್ನೊಂದು ಜಿಪಿಎ ಇಟ್ಟುಕೊಂಡಿರುವವರೂ ಉಂಟು. ಪ್ರಾಕ್ಸಿ ಅಂತ ಬರೆದಿದ್ದರೆ ಕೋಡನ್ನೇ ಆಮೇಲೆ ಬದಲಿಸಬಹುದು.

ಪೂಲಿನಲ್ಲಿರುವ ಹಣಕ್ಕೆ ಬೀಗ ಬಿದ್ದಿದೆಯೇ ಅಂತಲೂ ನೋಡಬೇಕು. ಹಳೆಯ ವಿ2 ಮಾದರಿಯ ಪೂಲ್ ಆದರೆ ಅದರಲ್ಲಿ ಯಾರ ಪಾಲು ಎಷ್ಟು ಅಂತ ತೋರಿಸಲು ಅದರ ವಿಳಾಸಕ್ಕೇ ಒಂದು ಟೋಕನ್ ಪುಟ, ಒಂದು ಹೋಲ್ಡರ್ಸ್ ಪಟ್ಟಿ ಇರುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಸುಡುವ ವಿಳಾಸದಲ್ಲೋ ಇಂತಿಷ್ಟು ದಿನ ಬೀಗ ಹಾಕಿಡುವ ಲಾಕರ್ ಕಾಂಟ್ರಾಕ್ಟಿನಲ್ಲೋ ಇದ್ದರೆ ಸ್ವಲ್ಪ ನೆಮ್ಮದಿ. ಲಾಕ್ ಯಾವತ್ತು ಮುಗಿಯುತ್ತದೆ ಅಂತ ತಾರೀಕು ನೋಡಿ. ಹುಟ್ಟಿಸಿದವನ ಸ್ವಂತ ವ್ಯಾಲೆಟ್‌ನಲ್ಲೇ ಇದ್ದರೆ ಯಾವ ರಾತ್ರಿ ಬೇಕಾದರೂ ಪೂಲ್ ಬರಿದು ಮಾಡಿಕೊಂಡು ಹೋಗಬಹುದು.

ನನ್ನ ಸ್ವಂತ ಪೆಟ್ಟಿನ ಕಥೆ ಹೇಳುತ್ತೇನೆ ಅಂದಿದ್ದೆ. ಸ್ನೇಹಿತನಿಗೆ ಯುಎಸ್‌ಡಿಟಿ ಕಳಿಸಬೇಕಿತ್ತು, ಹಿಂದೊಮ್ಮೆ ಕಳಿಸಿದ್ದೆನಲ್ಲ ಅಂತ ಹಳೆಯ ವಹಿವಾಟಿನ ಪಟ್ಟಿಯಿಂದ ವಿಳಾಸ ಕಾಪಿ ಮಾಡಿದೆ. ಮೊದಲ ನಾಲ್ಕು ಅಕ್ಷರ, ಕೊನೆಯ ನಾಲ್ಕು ಅಕ್ಷರ ತಾಳೆ ಆಯಿತು. ನಡುವಿನದು ಬೇರೆ. ಯಾರೋ ಅದೇ ತಲೆ, ಅದೇ ಬಾಲ ಇರುವ ವಿಳಾಸ ಹುಟ್ಟಿಸಿ, ನನ್ನ ಪಟ್ಟಿಗೆ ಸೊನ್ನೆ ಮೊತ್ತದ ಒಂದು ವಹಿವಾಟು ತುರುಕಿದ್ದರು. ಒಂಬತ್ತು ಸಾವಿರ ಹೋಯಿತು. ಜಮೀನಿನ ಚಕ್ಕುಬಂದಿಯನ್ನು ನಾಲ್ಕೂ ದಿಕ್ಕು ಎರಡೆರಡು ಸಲ ಓದುವ ನಾನು ಇಲ್ಲಿ ಪೂರ್ವ ಪಶ್ಚಿಮ ಓದಿ ಉತ್ತರ ದಕ್ಷಿಣ ಬಿಟ್ಟಿದ್ದೆ. ಪಟ್ಟಿಯಿಂದ ವಿಳಾಸ ಎತ್ತಬೇಡಿ, ಪಡೆಯುವವರಿಂದಲೇ ತರಿಸಿಕೊಂಡು ಪೂರ್ತಿ ಓದಿ.

ವ್ಯಾಲೆಟ್‌ಗೆ ಬಿಟ್ಟಿ ಟೋಕನ್ ಬಂದು ಬಿದ್ದಿದ್ದರೆ ಮುಟ್ಟಬೇಡಿ. ಅದರ ಹೆಸರಲ್ಲೇ ವೆಬ್‌ಸೈಟ್ ಇದ್ದರಂತೂ ಖಂಡಿತ ಬೇಡ. ಎಲ್ಲೋ ಅಪ್ರೂವ್ ಒತ್ತಿಬಿಟ್ಟಿದ್ದೀರಾ? ಈಥರ್‌ಸ್ಕ್ಯಾನ್‌ನಲ್ಲಿ ಟೋಕನ್ ಅಪ್ರೂವಲ್ ಚೆಕರ್ ಇದೆ. ಯಾರಿಗೆ ಎಷ್ಟು ಎತ್ತಿಕೊಳ್ಳಲು ಒಪ್ಪಿಗೆ ಕೊಟ್ಟಿದ್ದೀರಿ ಅಂತ ತೋರಿಸುತ್ತದೆ, ಬೇಡದ್ದನ್ನು ರಿವೋಕ್ (ರದ್ದು) ಮಾಡಬಹುದು. ಅದಕ್ಕೂ ಒಂದಿಷ್ಟು ಗ್ಯಾಸ್ ಖರ್ಚಿದೆ.

ಭಾವಮೈದನ 80 ಸಾವಿರ ವಾಪಸ್ ಬಂದಿಲ್ಲ. ದುಡ್ಡು ಹೋದದ್ದು ಗೊತ್ತಾದ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕಿತ್ತು, ಇವನು ಹೆಂಡತಿಗೆ ಹೆದರಿ ಹನ್ನೆರಡು ದಿನ ಸುಮ್ಮನಿದ್ದ. ಅಂದಹಾಗೆ, ಕ್ರಿಪ್ಟೋ ಲಾಭದ ಮೇಲೆ 2022ರ ಏಪ್ರಿಲ್‌ನಿಂದ ಶೇಕಡಾ 30 ತೆರಿಗೆ, ನಷ್ಟವನ್ನು ಬೇರೆ ಆದಾಯದಲ್ಲಿ ಕಳೆದುಕೊಳ್ಳಲು ಅವಕಾಶ ಇಲ್ಲ. ಲಾಭ ಬಂದರೆ ಸರ್ಕಾರ ಪಾಲುದಾರ, ನಷ್ಟಕ್ಕೆ ನೀವೊಬ್ಬರೇ.

ದೂರಿಗೆ ಬೇಕಾದದ್ದನ್ನು ನಾನೇ ಜೋಡಿಸಿಕೊಟ್ಟೆ. ಪ್ರತಿ ವಹಿವಾಟಿಗೂ ಒಂದು ಹ್ಯಾಷ್, ಅಂದರೆ ದಸ್ತಾವೇಜು ನಂಬರಿನ ಥರದ ಗುರುತು, ಇರುತ್ತದೆ, ಸೊನ್ನೆ-ಎಕ್ಸ್ ಆದಮೇಲೆ 64 ಅಕ್ಷರ. ಕೈಯಲ್ಲಿ ಬರೆಯಲು ಹೋಗಬೇಡಿ, ಕಾಪಿ ಮಾಡಿ. ಆ ಪುಟವನ್ನು ಪ್ರಿಂಟ್ ತೆಗೆಸಿ, ಬ್ಯಾಂಕ್ ಸ್ಟೇಟ್‌ಮೆಂಟ್, ಗುಂಪಿನ ಸಂದೇಶಗಳ ಸ್ಕ್ರೀನ್‌ಶಾಟ್ ಒಟ್ಟಿಗಿಡಿ. ಎಕ್ಸ್‌ಪ್ಲೋರರ್‌ನಲ್ಲಿ ಯುಟಿಸಿ (ಅಂತರರಾಷ್ಟ್ರೀಯ ಸಮಯ) ಅಂತ ಇರುವ ಸಮಯಕ್ಕೆ ಐದೂವರೆ ಗಂಟೆ ಕೂಡಿಸಿದರೆ ನಮ್ಮ ಸಮಯ. ಕೂಡಿಸದೆ ಹೋದರೆ ದುಡ್ಡು ಬ್ಯಾಂಕಿಂದ ಹೊರಡುವ ಮುಂಚೆಯೇ ಟೋಕನ್ ಕೊಂಡ ಹಾಗೆ ಕಾಣುತ್ತದೆ. ಭಾವಮೈದನ ಮೊದಲ ಅರ್ಜಿಯಲ್ಲಿ ಹಾಗೇ ಆಗಿತ್ತು, ಹರಿದು ಇನ್ನೊಂದು ಬರೆದೆ. ಬರಹದ ಫೀಸು ತಗೊಳ್ಳಲಿಲ್ಲ.