ಇಪಬ್ ತಿದ್ದುವಾಗ ಪರಿವಿಡಿ ಕೆಡದಂತೆ ನೋಡಿಕೊಳ್ಳುವುದು ಹೇಗೆ?

ಹಾವೇರಿ ಕಡೆಯ ಭಜನಾ ಮೇಳವೊಂದರ ಪದಗಳನ್ನೆಲ್ಲ, ಅಂದರೆ ಹಾಡುಗಳನ್ನೆಲ್ಲ, ಸೇರಿಸಿ ಯಾರೋ ಇಪಬ್ (ಇ-ಪುಸ್ತಕದ ಫೈಲು) ಮಾಡಿದ್ದಾರೆ ಅಂದುಕೊಳ್ಳಿ. ಅಲ್ಲಲ್ಲಿ ಕಾಗುಣಿತದ ತಪ್ಪುಗಳಿವೆ. ಎಷ್ಟೋ ಜನ ಅದನ್ನು ವರ್ಡ್‌ಗೆ ಬದಲಾಯಿಸಿ, ತಿದ್ದಿ, ತಿರುಗಿ ಇಪಬ್ ಮಾಡುತ್ತಾರೆ. ಈ ದಾರಿ ಬೇಡವೇ ಬೇಡ. ಪಲ್ಲವಿ ಎಲ್ಲಿ ಮುಗಿಯಿತು, ನುಡಿ ಎಲ್ಲಿ ಶುರುವಾಯಿತು ಅನ್ನುವುದು ಹಾಡುವವರಿಗೆ ಗೊತ್ತಾಗಬೇಕು, ಅಲ್ವಾ? ಈ ಓಡಾಟದಲ್ಲಿ ಮೊದಲು ಕೆಡುವುದೇ ಆ ಸಾಲುಗಳ ಜೋಡಣೆ. ಇಪಬ್ ಅನ್ನು ಇಪಬ್ ಆಗಿಯೇ ತೆರೆದು ತಿದ್ದಿ.

ಇಪಬ್ ಅಂದರೆ ಒಂದು ಜಿಪ್ ಫೈಲು, ಹಲವು ಫೈಲುಗಳನ್ನು ಒಂದೇ ಕಟ್ಟಾಗಿ ಕಟ್ಟಿದ್ದು. ಒಳಗೆ ಪದಗಳ ಎಚ್‌ಟಿಎಂಎಲ್ ಫೈಲುಗಳು ಬೇರೆ, ಅಕ್ಷರ-ಅಂಚುಗಳ ಅಳತೆ ಹೇಳುವ ಸಿಎಸ್‌ಎಸ್ ಬೇರೆ. ಪರಿವಿಡಿಯೂ ಬೇರೆ: ಇಪಬ್ 2ರಲ್ಲಿ ಎನ್‌ಸಿಎಕ್ಸ್ ಫೈಲು, ಇಪಬ್ 3ರಲ್ಲಿ ನ್ಯಾವ್ ಫೈಲು.

ಮೊದಲು ಮೂಲ ಫೈಲಿನ ಕಾಪಿ ತೆಗೆದಿಡಿ. ಇಪಬ್ ತಿದ್ದುವ ತಂತ್ರಾಂಶಗಳಾದ ಕ್ಯಾಲಿಬರ್ ಇಲ್ಲವೇ ಸಿಜಿಲ್ ಹಾಕಿಕೊಳ್ಳಿ, ಎರಡೂ ಉಚಿತ. ಇಲ್ಲಿ ಹೇಳಿರುವುದು ಕ್ಯಾಲಿಬರ್‌ನ ಹೆಜ್ಜೆಗಳು. ಕ್ಯಾಲಿಬರ್‌ನಲ್ಲಿ ಪುಸ್ತಕದ ಮೇಲೆ ರೈಟ್ ಕ್ಲಿಕ್ ಮಾಡಿ ‘ಎಡಿಟ್ ಬುಕ್’ ಒತ್ತಿದರೆ ಒಳಗಿನ ಫೈಲುಗಳ ಪಟ್ಟಿ ಕಾಣುತ್ತದೆ.

ಈಗ ತಿದ್ದುವುದು. ಕೋನಾಕಾರದ ಆವರಣಗಳ ಒಳಗಿರುವುದು ಟ್ಯಾಗು, ಅದನ್ನು ಮುಟ್ಟಬೇಡಿ. ಎರಡು ಟ್ಯಾಗುಗಳ ನಡುವಿನ ಕನ್ನಡವನ್ನಷ್ಟೇ ತಿದ್ದಿ. ತಲೆಬರಹಗಳ ಹತ್ತಿರ ಜಾಸ್ತಿ ಎಚ್ಚರ ಬೇಕು. ಒಂದೇ ಫೈಲಿನಲ್ಲಿ ಹಲವು ಪದಗಳಿದ್ದರೆ ಪ್ರತಿ ತಲೆಬರಹದ ಟ್ಯಾಗಿನಲ್ಲಿ ಸಾಮಾನ್ಯವಾಗಿ ಒಂದು ಐಡಿ, ಅಂದರೆ ಗುರುತಿನ ಹೆಸರು, ಇರುತ್ತದೆ. ಪರಿವಿಡಿ ಹುಡುಕಿಕೊಂಡು ಬರುವುದು ಅದನ್ನೇ. ಸಾಲನ್ನು ಪೂರ್ತಿ ಅಳಿಸಿ ಹೊಸದಾಗಿ ಟೈಪ್ ಮಾಡಿದರೆ ಐಡಿಯೂ ಹೋಯಿತು. ಆಮೇಲೆ ಪರಿವಿಡಿಯಲ್ಲಿ ಏಳನೆಯ ಪದ ಒತ್ತಿದರೂ ಸಾಮಾನ್ಯವಾಗಿ ಫೈಲಿನ ಮೊದಲ ಪುಟವೇ ತೆರೆಯುತ್ತದೆ.

ಎಲ್ಲವನ್ನೂ ಒಮ್ಮೆಗೇ ಬದಲಾಯಿಸುವ ‘ರಿಪ್ಲೇಸ್ ಆಲ್’ ಅನ್ನು ಸುಮ್ನೆ ಒತ್ತಬೇಡಿ. ‘ಕಲ’ ಎಂದು ತಪ್ಪಾಗಿದ್ದನ್ನು ‘ಕಾಲ’ ಮಾಡಲು ಹೋದರೆ, ‘ಕಲ್ಲು’ ಕೂಡ ‘ಕಾಲ್ಲು’ ಆಗುತ್ತದೆ. ಯುನಿಕೋಡ್‌ನಲ್ಲಿ (ಕಂಪ್ಯೂಟರು, ಮೊಬೈಲುಗಳು ಅಕ್ಷರ ಕೂಡಿಡುವ ಪದ್ಧತಿ) ಒತ್ತಕ್ಷರವೂ ಬಿಡಿ ಅಕ್ಷರಗಳಾಗಿಯೇ ಕೂತಿರುತ್ತದೆ, ಅದಕ್ಕೇ ಹೀಗೆ. ಒಂದೊಂದೇ ನೋಡಿ ಬದಲಾಯಿಸಿ. ಯುನಿಕೋಡ್ ಅಲ್ಲದ ಹಳೆಯ ‘ನುಡಿ’ ಫಾಂಟಿನ ಬರಹವನ್ನು ಯುನಿಕೋಡ್‌ಗೆ ಬದಲಾಯಿಸದೆ ಅಂಟಿಸಲೂಬೇಡಿ.

ತಲೆಬರಹ ತಿದ್ದಿದರೆ ಪರಿವಿಡಿಯಲ್ಲಿ ಹೆಸರು ತಾನಾಗಿ ಬದಲಾಗುವುದಿಲ್ಲ. ಟೂಲ್ಸ್ ಮೆನುವಿನಲ್ಲಿ ಪರಿವಿಡಿ ತೆರೆದು ಅಲ್ಲಿಯೂ ತಿದ್ದಿ. ಎಲ್ಲ ತಲೆಬರಹಗಳಿಂದ ಹೊಸ ಪರಿವಿಡಿ ಮಾಡುವ ಬಟನ್ ಕೂಡ ಇದೆ. ಆದರೆ ಹಿಂದಿನವರು ಕೈಯಾರೆ ಜೋಡಿಸಿದ್ದು ಅದರಿಂದ ಕೆಡಬಹುದು. ನಾಲ್ಕೈದು ಹೆಸರು ಬದಲಾಗಿದ್ದರೆ ಕೈಯಿಂದ ತಿದ್ದುವುದೇ ಮೇಲು. ಒಳಗಿನ ಫೈಲಿನ ಹೆಸರು ಬದಲಿಸುವುದಿದ್ದರೆ ‘ಎಡಿಟ್ ಬುಕ್’ ಕಿಟಕಿಯ ಫೈಲುಗಳ ಪಟ್ಟಿಯಲ್ಲೇ ಬದಲಿಸಿ. ಆಗ ಕೊಂಡಿಗಳನ್ನು ತಂತ್ರಾಂಶವೇ ಸರಿಪಡಿಸುತ್ತದೆ.

ಕೊನೆಗೆ ಎಫ್7 ಒತ್ತಿ. ಮುಚ್ಚದ ಟ್ಯಾಗು, ತುಂಡಾದ ಕೊಂಡಿ ಇದ್ದರೆ ತೋರಿಸುತ್ತದೆ. ಸೇವ್ ಮಾಡಿ, ಮೊಬೈಲಿಗೆ ಹಾಕಿ, ಪರಿವಿಡಿಯ ಒಂದೊಂದು ಹೆಸರನ್ನೂ ಒತ್ತಿ ನೋಡಿ. ಅದಕ್ಕೂ ಮೊದಲು ಓದುವ ಆ್ಯಪ್‌ನಲ್ಲಿರುವ ಹಳೆಯ ಪ್ರತಿಯನ್ನು ಅಳಿಸಿಬಿಡಿ, ಇಲ್ಲದಿದ್ದರೆ ಹಳೆಯದನ್ನೇ ತೆರೆದು ಕೂರುವಂತಾದೀತು.