ಕೀಬೋರ್ಡಿಗೆ ಜೋಗುಳ: ಗಿಟಾರ್ ಗೇಮ್ ಆಡೋದು ಹೇಗೆ

ನನ್ನ ಮೊದಲ ಗಿಟಾರು ಒಂದು ಕರಿ ಕೀಬೋರ್ಡು. 2008, ದಾವಣಗೆರೆಯ ಒಂದು ಹಾಸ್ಟೆಲ್. ರೂಮ್‌ಮೇಟ್ ಪೆನ್‌ಡ್ರೈವಿನಲ್ಲಿ ‘ಫ್ರೆಟ್ಸ್ ಆನ್ ಫೈರ್’ ಅನ್ನೋ ಗೇಮ್ ತಂದಿದ್ದ. ಫಿನ್‌ಲ್ಯಾಂಡಿನವರು 2006ರಲ್ಲಿ ಮಾಡಿ ಪುಕ್ಕಟೆ ಹಂಚಿದ್ದು. ಕೀಬೋರ್ಡನ್ನು ಮೇಜಿನಿಂದ ಎತ್ತಿ ಗಿಟಾರಿನ ಹಾಗೆ ಹಿಡಿಯಬೇಕು. ಎಡಗೈ ಬೆರಳುಗಳು ಎಫ್1ರಿಂದ ಎಫ್5ರ ಮೇಲೆ, ಬಲಗೈ ಎಂಟರ್ ಮೇಲೆ. ವಾರ್ಡನ್ ಒಮ್ಮೆ ಬಾಗಿಲಲ್ಲಿ ನಿಂತು ನೋಡಿ, “ಏನ್ರಪ್ಪಾ, ಕೀಬೋರ್ಡಿಗೆ ಜೋಗುಳ ಹಾಡ್ತಿದ್ದೀರಾ?” ಅಂದಿದ್ದರು.

ಆಟ ಇಷ್ಟೇ. ಪರದೆಯ ಮೇಲೆ ರಸ್ತೆಯಂಥ ಒಂದು ಪಟ್ಟಿ ನಿಮ್ಮ ಕಡೆ ಓಡಿ ಬರುತ್ತದೆ. ಅದರ ಮೇಲೆ ಹಸಿರು, ಕೆಂಪು, ಹಳದಿ, ನೀಲಿ, ಕಿತ್ತಳೆ ಬಿಲ್ಲೆಗಳು. ಎಡಗೈಯಲ್ಲಿ ಆ ಬಣ್ಣದ ಗುಂಡಿ ಒತ್ತಿ ಹಿಡಿದಿರಬೇಕು. ಬಿಲ್ಲೆ ಕೆಳಗಿನ ಗೆರೆ ಮುಟ್ಟಿದ ತಕ್ಷಣ ಬಲಗೈಯಲ್ಲಿ ಸ್ಟ್ರಮ್ ಪಟ್ಟಿ, ಅಂದರೆ ಆಟದ ಗಿಟಾರಿನಲ್ಲಿ ತಂತಿಯ ಬದಲು ಇರುವ ಪಟ್ಟಿ, ತಟ್ಟಬೇಕು (ಕೀಬೋರ್ಡಿನಲ್ಲಿ ಎಂಟರ್). ಈ ಹುಚ್ಚು ಹಚ್ಚಿದ್ದು 2005ರಲ್ಲಿ ಅಮೆರಿಕದಲ್ಲಿ ಬಂದ ‘ಗಿಟಾರ್ ಹೀರೋ’. ಗೇಮ್ ಮಾಡಿದ್ದು ಹಾರ್ಮೋನಿಕ್ಸ್, ಜೊತೆಗಿನ ಪ್ಲಾಸ್ಟಿಕ್ ಗಿಟಾರು ರೆಡ್‌ಆಕ್ಟೇನಿನದು. 2007ರಲ್ಲಿ ‘ರಾಕ್ ಬ್ಯಾಂಡ್’ ಬಂದು ಡ್ರಮ್ಸು, ಮೈಕೂ ಸೇರಿದವು. 2011ರ ಹೊತ್ತಿಗೆ ಜನಕ್ಕೆ ಸಾಕಾಯಿತು, ಗಿಟಾರುಗಳು ಅಟ್ಟ ಸೇರಿದವು. ಈಗ ನಾನು ಆಡುವುದು ಕಂಪ್ಯೂಟರಿನಲ್ಲಿ ಪುಕ್ಕಟೆ ಸಿಗುವ ‘ಕ್ಲೋನ್ ಹೀರೋ’. ಹೊಸದಾಗಿ ಶುರು ಮಾಡುವವರಿಗೂ ಅದನ್ನೇ ಹೇಳುತ್ತೇನೆ.

ಶುರುವಿಗೆ ದುಡ್ಡು ಸುರಿಯಬೇಡಿ, ಕೀಬೋರ್ಡು ಸಾಕು. ಆದರೆ ಅಗ್ಗದ ಕೀಬೋರ್ಡಿಗೆ ಒಂದು ರೋಗ ಇದೆ. ಕೆಲವು ಮೂರು ಕೀಲಿ ಒಟ್ಟಿಗೆ ಒತ್ತಿದರೆ ಮೂರನೆಯದು ಅದಕ್ಕೆ ಗೊತ್ತೇ ಆಗುವುದಿಲ್ಲ. ಗುಂಡಿಗೆ ಇಟ್ಟುಕೊಳ್ಳುವ ಅಕ್ಷರಗಳನ್ನು ಮೊದಲು ನೋಟ್‌ಪ್ಯಾಡಿನಲ್ಲಿ ಮೂರು ಮೂರಾಗಿ ಒತ್ತಿ ನೋಡಿ. ಮೂರೂ ಬಿದ್ದರೆ ಸರಿ.

ಹಳೇ ಗಿಟಾರು ಕೊಳ್ಳುವುದಾದರೆ ಜೋಪಾನ. ಪಿಎಸ್3 (ಸೋನಿಯ ಪ್ಲೇಸ್ಟೇಷನ್ 3) ಗಿಟಾರಿಗೆ ಸಿಗ್ನಲ್ ಹಿಡಿಯಲು ತನ್ನದೇ ಒಂದು ಪುಟ್ಟ ಯುಎಸ್‌ಬಿ ಡಾಂಗಲ್ ಇರುತ್ತದೆ. ಅದಿಲ್ಲದಿದ್ದರೆ ಗಿಟಾರು ಗೋಡೆಗೆ ಹಾಕಲು ಮಾತ್ರ ಚೆನ್ನ. ನನ್ನ ಗೋಡೆಯ ಮೇಲೆ ಒಂದಿದೆ. ಮಾರಿದವನು “ಫುಲ್ ವರ್ಕಿಂಗ್ ಸಾರ್” ಅಂದಿದ್ದ, ಡಾಂಗಲ್ ಕೇಳುವುದು ನನಗೆ ತೋಚಲಿಲ್ಲ. ಈಗ ಆಡುವುದು ಭಾವ ನ್ಯೂಜೆರ್ಸಿಯಲ್ಲಿ ಯಾರದೋ ಗರಾಜ್ ಸೇಲಿನಲ್ಲಿ ಹಿಡಿದು ತಂದ ವೀ (ನಿಂಟೆಂಡೊದವರ ಗೇಮ್ ಯಂತ್ರ) ಗಿಟಾರಿನಲ್ಲಿ. ಅದರ ಪ್ಲಗ್ಗಿಗೆ ಒಂದು ಯುಎಸ್‌ಬಿ ಅಡಾಪ್ಟರ್ ಹಾಕಿದ್ದೇನೆ. ಕತ್ತು ಬಿಚ್ಚಿಡುವಂಥ ಗಿಟಾರಿನಲ್ಲಿ ಗುಂಡಿಗಳು ಕೈಕೊಟ್ಟರೆ, ಕತ್ತು ಮತ್ತು ಮೈ ಸೇರುವ ಜಾಗದ ಲೋಹದ ಪಟ್ಟಿಗಳನ್ನು ಪೆನ್ಸಿಲ್ ರಬ್ಬರಿನಲ್ಲಿ ಉಜ್ಜಿ. ನನ್ನದರಲ್ಲಿ ಸತ್ತಿದ್ದ ಹಳದಿ ಗುಂಡಿ ಎರಡು ನಿಮಿಷದಲ್ಲಿ ಎದ್ದು ಕೂತಿತು.

ಕಂಪ್ಯೂಟರನ್ನು ಟಿವಿಗೆ ಜೋಡಿಸಿ ಆಡುವುದಾದರೆ, ಮುಂದಿನ ಕೆಲಸ ಬಹಳ ಜನ ಮಾಡುವುದೇ ಇಲ್ಲ: ಟಿವಿಯ ತಡ ಸರಿ ಮಾಡುವುದು. ಇವತ್ತಿನ ಟಿವಿಗಳು ಚಿತ್ರವನ್ನು ಚೆಂದ ಮಾಡಲು ಹೋಗಿ ತಡ ಮಾಡುತ್ತವೆ. ಬ್ಲೂಟೂತ್ ಸ್ಪೀಕರ್ ಇನ್ನೂ ಕೆಟ್ಟದು, ಸುಲಭವಾಗಿ 200 ಮಿಲಿಸೆಕೆಂಡ್ ತಿನ್ನುತ್ತದೆ. ಲೆಕ್ಕ ಹಾಕಿ. ನಿಮಿಷಕ್ಕೆ 120 ಬಡಿತದ ಹಾಡಿನಲ್ಲಿ ಒಂದು ಬಡಿತಕ್ಕೆ 500 ಮಿಲಿಸೆಕೆಂಡ್. ಒಂದು ಬಡಿತದಲ್ಲಿ ನಾಲ್ಕು ನೋಟು (ಒಂದೊಂದು ಬಿಲ್ಲೆಯೂ ಒಂದು ನೋಟು) ಇದ್ದರೆ ಒಂದೊಂದಕ್ಕೆ 125. ಅಂದರೆ ನೀವು ಕೇಳುತ್ತಿರುವುದು ಆಗಲೇ ದಾಟಿಹೋದ ನೋಟು! ಅದಕ್ಕೇ ಸ್ಪೀಕರಿಗೆ ವೈರ್ ಹಾಕಿ, ಟಿವಿಯಲ್ಲಿ ಗೇಮ್ ಮೋಡ್ ಆನ್ ಮಾಡಿ, ಆಮೇಲೆ ಗೇಮಿನಲ್ಲಿ ಈ ತಡವನ್ನು ಹೊಂದಿಸುವ ಕ್ಯಾಲಿಬ್ರೇಷನ್ನಿಗೆ ಹೋಗಿ. ನಿಮಗೆ ಗೊತ್ತಿರುವ ಒಂದು ನಿಧಾನದ ಹಾಡು ಹಾಕಿ, ಕಣ್ಣು ಮುಚ್ಚಿ, ಕಿವಿ ಹೇಳಿದ ಹಾಗೆ ತಟ್ಟಿ. ಕಣ್ಣು ಮುಚ್ಚಿದಾಗ ಸರಿ ಬಿದ್ದು, ತೆರೆದಾಗ ತಪ್ಪಿದರೆ ದೋಷ ನಿಮ್ಮದಲ್ಲ, ಟಿವಿಯದು. ನಮ್ಮ ಟಿವಿಗೆ 85 ಮಿಲಿಸೆಕೆಂಡ್ ಇಟ್ಟಿದ್ದೇನೆ. ಅದಕ್ಕೆ ಮೊದಲು ಮೂರು ತಿಂಗಳು ನನ್ನ ಕೈಯೇ ಸರಿ ಇಲ್ಲ ಅಂದುಕೊಂಡಿದ್ದೆ.

ಒಬ್ಬರೇ ಆಡುವಾಗ ಈಸಿಯಲ್ಲಿ ಒಂದೇ ದಿನ ಇರಿ. ಅಲ್ಲಿ ಮೂರೇ ಗುಂಡಿ, ಬೇಗ ಬೇಜಾರಾಗುತ್ತದೆ. ಮೀಡಿಯಮ್ಮಿನಲ್ಲಿ ನಾಲ್ಕು, ನಾಲ್ಕು ಬೆರಳಿಗೆ ನಾಲ್ಕು. ಹಾರ್ಡಿಗೆ ಬಂದಾಗ ಕಿತ್ತಳೆ ಬರುತ್ತದೆ, ತಕರಾರು ಶುರುವಾಗುವುದು ಅಲ್ಲೇ. ಇದ್ದ ನಾಲ್ಕು ಬೆರಳಿಗೆ ಐದು ಗುಂಡಿ! ಕಿರುಬೆರಳನ್ನು ಚಾಚಿ ಚಾಚಿ ಒದ್ದಾಡಬೇಡಿ. ಇಡೀ ಕೈಯನ್ನು ಒಂದು ಮನೆ ಕೆಳಗೆ ಜಾರಿಸಿ: ತೋರುಬೆರಳು ಹಸಿರಿನಿಂದ ಕೆಂಪಿಗೆ, ಕಿರುಬೆರಳು ನೀಲಿಯಿಂದ ಕಿತ್ತಳೆಗೆ. ಗಿಟಾರು ನೋಡದೆ ಇದನ್ನು ಮಾಡಬೇಕು. ನಾನು ಕರೆಂಟ್ ಹೋದಾಗ ಕತ್ತಲಲ್ಲಿ ಕೂತು ಬರೀ ಜಾರಿಸುವುದನ್ನೇ ಅಭ್ಯಾಸ ಮಾಡಿದೆ.

ಸ್ಟ್ರಮ್ಮನ್ನು ಕೆಳಗೆ, ಮೇಲೆ, ಕೆಳಗೆ, ಮೇಲೆ ತಟ್ಟಿ. ಬರೀ ಕೆಳಗೇ ತಟ್ಟುವವರಿಗೆ ವೇಗದ ಹಾಡಿನಲ್ಲಿ ಮೊಣಕೈ ಹಿಡಿದುಕೊಳ್ಳುತ್ತದೆ. ಕೆಲವು ಬಿಲ್ಲೆಗಳು ಬೇರೆ ಥರ ಹೊಳೆಯುತ್ತವೆ. ಹಿಂದಿನದು ಸರಿಯಾಗಿ ಬಿದ್ದಿದ್ದರೆ ಇವಕ್ಕೆ ಸ್ಟ್ರಮ್ ಬೇಡ, ಗುಂಡಿ ಒತ್ತಿದರೆ ಸಾಕು. ಇದು ಕೈಗೆ ಹತ್ತಿದ ದಿನ ನಿಮ್ಮ ಆಟವೇ ಬೇರೆ ಆಗುತ್ತದೆ. ನೋಟುಗಳು ಬರುವ ವೇಗವನ್ನೂ ಸ್ವಲ್ಪ ಜಾಸ್ತಿ ಮಾಡಿ. ಕೇಳಲು ತಲೆತಿರುಕ ಸಲಹೆ ಅನ್ನಿಸಬಹುದು. ಹಾಡಿನ ವೇಗ ಬದಲಾಗುವುದಿಲ್ಲ, ಬಿಲ್ಲೆಗಳ ನಡುವೆ ಜಾಗ ಹೆಚ್ಚಾಗುತ್ತದೆ ಅಷ್ಟೇ, ಓದಲು ಸಲೀಸು.

ಒಂದು ಕಡೆ ಸಿಕ್ಕಿಕೊಂಡರೆ ಇಡೀ ಹಾಡನ್ನು ಮತ್ತೆ ಮತ್ತೆ ಆಡಬೇಡಿ. ಪ್ರಾಕ್ಟೀಸಿಗೆ ಹೋಗಿ, ಆ ತುಣುಕನ್ನು ಮಾತ್ರ 70 ಪರ್ಸೆಂಟ್ ವೇಗದಲ್ಲಿ ಹಾಕಿ. ಮೂರು ಸಲ ತಪ್ಪಿಲ್ಲದೆ ಬಂದರೆ 80. ತಪ್ಪಿದರೆ ಮತ್ತೆ 70. ಸಂಗೀತದ ಮೇಷ್ಟ್ರು ಸರಳೆ ವರಸೆಯನ್ನು ಮೊದಲು ಒಂದನೇ ಕಾಲದಲ್ಲಿ ಹೇಳಿಸುವುದಿಲ್ಲವಾ, ಹಾಗೆ.

ಅಂಕಗಳ ಬಗ್ಗೆ ಸ್ವಲ್ಪ. ತಪ್ಪಿಲ್ಲದೆ 10 ನೋಟಿಗೆ ಎರಡರಷ್ಟು, 20ಕ್ಕೆ ಮೂರರಷ್ಟು, 30ಕ್ಕೆ ನಾಲ್ಕರಷ್ಟು. ನಕ್ಷತ್ರದ ಸಾಲುಗಳನ್ನು ಪೂರ್ತಿ ಹೊಡೆದು ಮೀಟರ್ ಅರ್ಧ ತುಂಬಿದರೆ ಸ್ಟಾರ್ ಪವರ್ ಸಿದ್ಧ, ಅದು ಮತ್ತೆ ದುಪ್ಪಟ್ಟು ಮಾಡುತ್ತದೆ. ಗಿಟಾರಿನ ಕತ್ತನ್ನು ಮೇಲಕ್ಕೆತ್ತಿ ಅದನ್ನು ಶುರು ಮಾಡುವುದು ರೂಢಿ. ವೀ ಗಿಟಾರಿನಲ್ಲಿ ಆ ಓರೆ ಗೊತ್ತಾಗುವುದು ಅದರೊಳಗೆ ಸಿಕ್ಕಿಸುವ ವೀ ರಿಮೋಟಿಗೆ, ಗಿಟಾರಿಗಲ್ಲ. ನನ್ನ ಹಾಗೆ ಅಡಾಪ್ಟರ್ ಹಾಕಿದ್ದರೆ ಮೈನಸ್ ಗುಂಡಿ ಒತ್ತಬೇಕು. ನಾನು ಆದರೂ ಕತ್ತು ಎತ್ತುತ್ತೇನೆ, ಸುಮ್ನೆ.

ಗೆಳೆಯರು ಬಂದಾಗ ಇದೆಲ್ಲ ಮರೆತುಬಿಡಿ. ನನ್ನ ಮೊದಲ ಭಾನುವಾರ ಹಾಳಾಗಿದ್ದು ನನ್ನಿಂದಲೇ. ನನಗೆ ಚೆನ್ನಾಗಿ ಬರುವ ವೇಗದ ಹಾಡು ಹಾಕಿ ಒಬ್ಬನೇ ಮೆರೆದೆ. ಎಲ್ಲರೂ ಅರ್ಧ ಗಂಟೆಯಲ್ಲಿ ಮೊಬೈಲ್ ತೆಗೆದರು. ಈಗ ಹಾಡು ಆರಿಸುವುದು ಹೊಸಬರು. ಫೇಲ್ ಆಗುವುದನ್ನು ಆಫ್ ಮಾಡಿರುತ್ತೇನೆ, ಹಾಡು ನಡುವೆ ನಿಂತರೆ ಬಂದವರ ಮುಖ ಬಾಡುತ್ತದೆ. ಒಬ್ಬರಿಗೆ ಮೀಡಿಯಮ್, ಇನ್ನೊಬ್ಬರಿಗೆ ಎಕ್ಸ್‌ಪರ್ಟ್ ಅಂತ ಒಂದೇ ಹಾಡಿನಲ್ಲಿ ಇಡಬಹುದು. ಹೊಸಬರಿಗೆ ಹಾಡಿನ ಬೇಸ್ ಗಿಟಾರಿನ ಭಾಗ ಕೊಡಿ, ನೋಟು ಕಡಿಮೆ, ತಾಳ ಗಟ್ಟಿ. ಗಿಟಾರು ಒಂದೇ ಇದ್ದರೆ ಇನ್ನೊಬ್ಬರಿಗೆ ಕೀಬೋರ್ಡು, ಹಾಡಿಗೊಮ್ಮೆ ಅದಲು ಬದಲು.

ಯಾರು ಚೆನ್ನಾಗಿ ಆಡುತ್ತಾರೆ ಅಂತ ಮೊದಲೇ ಹೇಳಲು ಬರುವುದಿಲ್ಲ. ನಿಜವಾದ ಗಿಟಾರು ನುಡಿಸುವ ಗೆಳೆಯ ಬೈದುಕೊಂಡೇ ಆಡಿದ. ಅವನ ಬೆರಳು ತಂತಿ ಹುಡುಕುತ್ತಿತ್ತು. ಮೃದಂಗ ಕಲಿತ ಇನ್ನೊಬ್ಬ ಮೊದಲ ದಿನವೇ ಬೇಸಿನಲ್ಲಿ ಎಲ್ಲರನ್ನೂ ಮೀರಿಸಿದ. “ನೋಡಿದ್ರೆ ತಪ್ಪುತ್ತೆ ಮಗಾ, ಎಣಿಸಬೇಕು” ಅಂದ. ರಾತ್ರಿ ಹತ್ತರ ಮೇಲೆ ಮಾತ್ರ ಬೇಡ. ಹಾಡಿನ ಸದ್ದು ಕಡಿಮೆ ಮಾಡಬಹುದು, ಸ್ಟ್ರಮ್ ಪಟ್ಟಿಯ ಟಕಟಕ ಕಡಿಮೆ ಮಾಡಲಾಗುವುದಿಲ್ಲ. ಅಮ್ಮ ಅದನ್ನು ಹಲ್ಲಿ ಅಂತ ಕರೆಯುತ್ತಾರೆ.

ಕೊನೆಗೆ ಎಲ್ಲರೂ ಕೇಳುವುದು ಒಂದೇ: ಕನ್ನಡ ಹಾಡು ಇಲ್ವಾ? ನೀವೇ ಮಾಡಿಕೊಳ್ಳಬೇಕು. ‘ಮೂನ್‌ಸ್ಕ್ರೇಪರ್’ ಅನ್ನೋ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಹಾಡು ಹಾಕಿ, ಕೇಳಿ ಕೇಳಿ ಬಿಲ್ಲೆ ಇಡುತ್ತಾ ಹೋಗುವುದು. ಕಂಪ್ಯೂಟರಿನಲ್ಲಿ ತಾಳ ಕಟ್ಟಿದ ಈಚಿನ ಹಾಡಾದರೆ ವೇಗ ಒಂದೇ ಸಲ ಹೇಳಿದರೆ ಮುಗಿಯಿತು. ನಾನು ಹಟ ಹಿಡಿದು ಅಪ್ಪನಿಗೆ ಇಷ್ಟದ ರಾಜ್‌ಕುಮಾರ್ ಹಾಡೊಂದನ್ನು ತೆಗೆದುಕೊಂಡೆ. ಅಲ್ಲಿ ವಾದ್ಯದವರೆಲ್ಲ ಒಟ್ಟಿಗೆ ಕೂತು ನುಡಿಸಿದ್ದು, ವೇಗ ಉಸಿರಾಡುತ್ತದೆ. ಪಲ್ಲವಿಗೆ ಒಂದು, ಕೊಳಲು ಬಂದಾಗ ಚೂರು ನಿಧಾನ, ತಬಲಾ ಹತ್ತಿದಾಗ ಚೂರು ಜೋರು. ನಾಲ್ಕು ನಾಲ್ಕು ಬಡಿತಕ್ಕೆ ವೇಗ ತಿದ್ದಬೇಕು. ಪಲ್ಲವಿಗೇ ಎರಡು ಭಾನುವಾರ ಹೋದವು. ಅಪ್ಪ ಕೀಬೋರ್ಡು ತೊಡೆಯ ಮೇಲೆ ಇಟ್ಟುಕೊಂಡು ಈಸಿಯಲ್ಲಿ ಅಷ್ಟನ್ನೇ ನಾಲ್ಕು ಸಲ ಆಡಿದರು. ಚರಣ ಯಾವಾಗ ಅಂತ ಈಗ ದಿನಾ ಕೇಳುತ್ತಾರೆ.