ನೆಲನೆಲ್ಲಿ ಲಿವರ್ ಕಾಪಾಡುತ್ತದಾ? ಪರೀಕ್ಷಿಸಿ ನೋಡಿದ ನನ್ನ ಅನುಭವ

ಕಾಮಾಲೆಗೆ ನೆಲನೆಲ್ಲಿ ಒಳ್ಳೆಯದು ಅನ್ನೋ ಮಾತು ಕೇಳದವರು ಕಡಿಮೆ. ಆಯುರ್ವೇದದಲ್ಲಿ ಇದಕ್ಕೆ ಭೂಮ್ಯಾಮಲಕಿ ಅಂತ ಹೆಸರು. ಫಾರ್ಮಕಾಲಜಿ, ಅಂದರೆ ಔಷಧ ವಿಜ್ಞಾನದ ಸಂಶೋಧನೆಗೆ ಸೇರಿದಾಗ ನಾನು ಆರಿಸಿಕೊಂಡದ್ದು ಇದೇ ಗಿಡ. ಇದು ನಿಜಕ್ಕೂ ಲಿವರ್ ಕಾಪಾಡುತ್ತದಾ, ಬಾವು ಇಳಿಸುತ್ತದಾ ಅಂತ ನೋಡಬೇಕಿತ್ತು. ಕುಡಿದವರಿಗೆ ವಾಸಿಯಾಯಿತು ಅನ್ನುವುದು ಸಾಕ್ಷಿಯಾಗಿ ಸಾಲದು. ಹೆಪಟೈಟಿಸ್ ಎ ವೈರಸ್ಸಿನಿಂದ ಬರುವ ಕಾಮಾಲೆ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆ ಹೊತ್ತಿಗೆ ಏನು ಕುಡಿದಿದ್ದರೂ ಹೆಸರು ಅದಕ್ಕೇ ಬರುತ್ತದೆ, ಅಲ್ವಾ?

ಮೊದಲ ಪೆಟ್ಟು ಬಿದ್ದದ್ದು ಗಿಡ ಗುರುತಿಸುವಲ್ಲೇ. ಒಂದು ಚೀಲ ತುಂಬ ಗಿಡ ಕಿತ್ತು ತಂದು ಸಸ್ಯಶಾಸ್ತ್ರದ ಮೇಡಂ ಮುಂದೆ ಹರಡಿದೆ. ಅವರು ಒಂದು ಕಡ್ಡಿ ಎತ್ತಿ ಎಲೆಗಳ ಅಡಿಭಾಗ ತೋರಿಸಿದರು. ಸಾಸಿವೆಯಂಥ ಪುಟ್ಟ ಕಾಯಿಗಳು, ನುಣುಪು ಮೈ, ಸಣ್ಣ ತೊಟ್ಟು. ಅದು ಫಿಲಾಂಥಸ್ ಅಮಾರಸ್, ನನಗೆ ಬೇಕಾದದ್ದು. ಇನ್ನೊಂದು ಕಡ್ಡಿಯ ಕಾಯಿಗೆ ತೊಟ್ಟೇ ಇಲ್ಲ ಅನ್ನುವಷ್ಟು ಗಿಡ್ಡ, ಮೈ ತರಿತರಿ. ಅದು ಫಿಲಾಂಥಸ್ ಯೂರಿನೇರಿಯಾ. ನನ್ನ ಚೀಲದಲ್ಲಿ ಎರಡೂ ಬೆರೆತಿದ್ದವು. ಅಷ್ಟನ್ನೂ ಬದಿಗಿಟ್ಟು ಮತ್ತೆ ಶುರು ಮಾಡಿದೆ. ಈ ಸಲ ಕಡ್ಡಿ ಕಡ್ಡಿ ನೋಡಿ ಆರಿಸಿದೆ, ಒಂದು ಮಾದರಿಯನ್ನು ಹರ್ಬೇರಿಯಂಗೆ, ಅಂದರೆ ಒಣಗಿಸಿದ ಗಿಡಗಳ ಸಂಗ್ರಹಕ್ಕೆ ಕೊಟ್ಟೆ.

ಇದು ಅತಿಯಾದ ಮಡಿವಂತಿಕೆ ಅಲ್ಲ. 1988ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ವರದಿ ಬಂತು. ಹೆಪಟೈಟಿಸ್ ಬಿ ವೈರಸ್ ಹೊತ್ತಿದ್ದ 37 ಜನ ಈ ಗಿಡದ ಪುಡಿ ತೆಗೆದುಕೊಂಡಿದ್ದರು, 22 ಜನರ ರಕ್ತದಲ್ಲಿ ವೈರಸ್ಸಿನ ಮೇಲ್ಮೈ ಆಂಟಿಜೆನ್ (ವೈರಸ್ ಇದೆ ಅಂತ ತೋರಿಸುವ ಪ್ರೋಟೀನ್) ಕಾಣದಾಯಿತು. ಆಮೇಲೆ ಬೇರೆಯವರು ಮಾಡಿದ ಪರೀಕ್ಷೆಗಳಲ್ಲಿ ಅಂಥ ಫಲ ಸಿಗಲಿಲ್ಲ. ಗಿಡವೇ ಬೇರೆ ಇತ್ತೇ, ಸಾರ ತೆಗೆದ ಬಗೆ ಬೇರೆ ಇತ್ತೇ ಅನ್ನೋ ಚರ್ಚೆ ಎದ್ದಿತು.

ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಆಲ್ಕೋಹಾಲಿನಲ್ಲಿ ನೆನೆಸಿ ಸಾರ ತೆಗೆದೆವು. ಪ್ರಾಣಿ ಪ್ರಯೋಗದ ನೀತಿ ಸಮಿತಿ ಒಪ್ಪಿದ ಮೇಲೆ ಇಲಿಗಳಿಗೆ ಕೆಜಿ ತೂಕಕ್ಕೆ 2000 ಮಿಲಿಗ್ರಾಂ ಕೊಟ್ಟು 14 ದಿನ ಕಾದೆವು. ಒಂದೂ ಸಾಯಲಿಲ್ಲ. ಹಾಗಾಗಿ ಮುಂದಿನ ಪ್ರಯೋಗಗಳಿಗೆ ಕೆಜಿಗೆ 200 ಮತ್ತು 400 ಮಿಲಿಗ್ರಾಂ ಪ್ರಮಾಣ ಇಟ್ಟುಕೊಂಡೆವು.

ಬಾವಿನ ಪರೀಕ್ಷೆ ನೋಡಲು ಸುಲಭ. ಕೆಂಪು ಕಡಲಪಾಚಿಯಿಂದ ಬರುವ ಕ್ಯಾರಜೀನನ್ನಿನ 1 ಶೇಕಡಾ ದ್ರಾವಣವನ್ನು 0.1 ಮಿಲಿಲೀಟರ್ ಇಲಿಯ ಅಂಗಾಲಿಗೆ ಚುಚ್ಚಬೇಕು. ಪಾದ ಊದಿಕೊಳ್ಳುತ್ತದೆ. ಅದನ್ನು ದ್ರವದಲ್ಲಿ ಅದ್ದಿ ಎಷ್ಟು ದ್ರವ ಮೇಲೇರಿತು ಅಂತ ಅಳೆಯಬೇಕು. ತೊಂದರೆ ಎಲ್ಲಾ ಅದ್ದುವ ಕೈಯಲ್ಲೇ ಇದೆ. ಒಂದು ಕೂದಲೆಳೆ ಜಾಸ್ತಿ ಮುಳುಗಿದರೂ ಬಾವು ಜಾಸ್ತಿ ಆದಂತೆ ಕಾಣುತ್ತದೆ. ಹಿಮ್ಮಡಿ ಗಂಟಿನ ಮೇಲೆ ಮಾರ್ಕರ್‌ನಲ್ಲಿ ಗೆರೆ ಎಳೆದೆ. ಒಂದು ಗಂಟೆ ಬಿಟ್ಟು ನೋಡಿದರೆ ಇಲಿ ನೆಕ್ಕಿ ಅಳಿಸಿತ್ತು! ಪ್ರತಿ ಅಳತೆಗೂ ಮುಂಚೆ ಅದೇ ಜಾಗದಲ್ಲಿ ಗೆರೆ ತಿದ್ದುವುದೇ ಕೆಲಸವಾಯಿತು. ಯಾವ ಇಲಿಗೆ ಏನು ಕೊಟ್ಟಿದೆ ಅಂತ ಗೊತ್ತಿಲ್ಲದ ಗೆಳತಿಯ ಕೈಲಿ ಅಳೆಸಿದೆ. ನನಗೆ ಗೊತ್ತಿತ್ತು, ಹಾಗಾಗಿ ನನ್ನ ಕೈಯನ್ನು ನಾನೇ ನಂಬುವಂತಿರಲಿಲ್ಲ.

ಮೊದಲ ಗಂಟೆಯಲ್ಲಿ ಏನೂ ವ್ಯತ್ಯಾಸ ಇಲ್ಲ. ಮೂರನೇ ಗಂಟೆಗೆ ಸಾರ ಕುಡಿದ ಗುಂಪಿನ ಬಾವು ಕಡಿಮೆ ಇತ್ತು. ಮೊದಲ ಹಂತದ ಬಾವಿಗೆ ದೇಹವೇ ಬಿಡುವ ಹಿಸ್ಟಮಿನ್, ಸೆರೊಟೋನಿನ್ ಅನ್ನೋ ರಾಸಾಯನಿಕಗಳು ಕಾರಣ, ಆಮೇಲಿನದಕ್ಕೆ ಮುಖ್ಯವಾಗಿ ಪ್ರೋಸ್ಟಗ್ಲಾಂಡಿನ್ ಅನ್ನೋ ಇನ್ನೊಂದು. ಸಾರ ಎರಡನೇ ಹಂತದಲ್ಲಿ ಕೆಲಸ ಮಾಡಿರಬೇಕು ಅಂತ ಬರೆದುಕೊಂಡೆ. ಹೋಲಿಕೆಗೆ ಕೊಟ್ಟಿದ್ದ ಬಾವಿನ ಔಷಧ ಡೈಕ್ಲೋಫೆನಾಕ್ ಮಾತ್ರ ಅದಕ್ಕಿಂತ ಬಹಳ ಮುಂದಿತ್ತು.

ಲಿವರಿನ ಪ್ರಯೋಗದಲ್ಲಿ ಏಳು ದಿನ ಸಾರ ಕೊಟ್ಟು, ಆಮೇಲೆ ಲಿವರಿಗೆ ವಿಷವಾದ ಕಾರ್ಬನ್ ಟೆಟ್ರಾಕ್ಲೋರೈಡ್ ಹಾಕಿ, ಮರುದಿನ ರಕ್ತ ತೆಗೆದೆವು. ಹೋಲಿಕೆಗೆ ಸಿಲಿಮರಿನ್ ಅನ್ನೋ ಲಿವರ್ ಔಷಧ. ಲಿವರಿನ ಕೋಶ ಹಾಳಾದರೆ ಎಎಸ್‌ಟಿ, ಎಎಲ್‌ಟಿ ಅನ್ನೋ ಕಿಣ್ವಗಳು ರಕ್ತಕ್ಕೆ ಸೋರುತ್ತವೆ, ಅವನ್ನೇ ಅಳೆಯುವುದು. ವಿಷವೇ ಹಾಕದ ಇಲಿಯೊಂದರ ಎಎಸ್‌ಟಿ ವಿಪರೀತ ಜಾಸ್ತಿ ಬಂತು. ಟ್ಯೂಬ್ ಎತ್ತಿ ಬೆಳಕಿಗೆ ಹಿಡಿದೆ. ತಿಳಿ ಹಳದಿ ಇರಬೇಕಾದ ಸೀರಂ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ದ್ರವ, ಗುಲಾಬಿ ಬಣ್ಣಕ್ಕಿತ್ತು. ಅವಸರದಲ್ಲಿ ಸಿರಿಂಜ್ ಜೋರಾಗಿ ಎಳೆದಿದ್ದೆ, ಕೆಂಪು ಕಣಗಳು ಒಡೆದಿದ್ದವು. ಎಎಸ್‌ಟಿ ಅವುಗಳಲ್ಲೂ ಇರುತ್ತದೆ. ಅವತ್ತಿನಿಂದ ಗುಲಾಬಿ ಸೀರಂ ಯಾವ ಗುಂಪಿನದಾದರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಉಳಿದ ಅಂಕಿಗಳು ಚೆನ್ನಾಗಿದ್ದವು. ಸಾರ ಕುಡಿದ ಗುಂಪಿನ ಎಎಲ್‌ಟಿ ಸಿಲಿಮರಿನ್ ಗುಂಪಿನ ಹತ್ತಿರ ಇತ್ತು. ಖುಷಿಯಿಂದ ಗೈಡ್ ಸರ್ ಹತ್ತಿರ ಓಡಿದೆ. ಅವರು ಗ್ರಾಫ್ ನೋಡಿ ಕೇಳಿದರು, "ಇದು ಲಿವರ್ ಉಳಿಸಿತೋ, ವಿಷ ಆಗೋದನ್ನೇ ತಡೆಯಿತೋ? ಹೇಗೆ ಹೇಳ್ತೀಯಮ್ಮಾ?"

ಉತ್ತರ ಇರಲಿಲ್ಲ. ಕಾರ್ಬನ್ ಟೆಟ್ರಾಕ್ಲೋರೈಡ್ ಇದ್ದ ಹಾಗೆಯೇ ಅಷ್ಟು ಹಾನಿ ಮಾಡುವುದಿಲ್ಲ. ಲಿವರಿನ ಸಿವೈಪಿ2ಇ1 ಅನ್ನೋ ಕಿಣ್ವ ಅದನ್ನು ಒಡೆದಾಗ ಹುಟ್ಟುವ ರ‍್ಯಾಡಿಕಲ್ ಅನ್ನೋ ಚುರುಕು ಕಣ ಜೀವಕೋಶದ ಪೊರೆಯನ್ನು ಹಾಳು ಮಾಡುತ್ತದೆ. ನಮ್ಮ ಸಾರ ಸುಮ್ನೆ ಆ ಕಿಣ್ವವನ್ನು ಕಟ್ಟಿಹಾಕಿದ್ದರೂ ಅಂಕಿ ಹೀಗೇ ಬರುತ್ತಿತ್ತು. ಆಗಲೇ ಪೆಟ್ಟು ತಿಂದ ಲಿವರಿಗೆ ಅದರಿಂದ ಏನು ಪ್ರಯೋಜನ?

ಮತ್ತೆ ಸಮಿತಿಗೆ ಅರ್ಜಿ, ಮತ್ತೆ ಕಾಯುವುದು. ಈ ಸಲ ಮೊದಲು ವಿಷ, ಅದು ಒಡೆದು ಮುಗಿಯಲು ಸಮಯ ಬಿಟ್ಟು ಆಮೇಲೆ ಸಾರ. ಲಾಭ ಇತ್ತು, ಆದರೆ ಮೊದಲಿನಷ್ಟಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಡುವಿನ ರಕ್ತನಾಳದ ಸುತ್ತ ಸತ್ತ ಕೋಶಗಳ ಪಟ್ಟಿ ಇನ್ನೂ ಇತ್ತು, ಬರೀ ವಿಷ ಕೊಟ್ಟ ಗುಂಪಿಗಿಂತ ಕಿರಿದಾಗಿತ್ತು. ಪ್ರಬಂಧದಲ್ಲಿ "ಲಿವರ್ ಕಾಪಾಡುತ್ತದೆ" ಅಂತ ಬರೆದಿದ್ದ ಸಾಲು ಹೊಡೆದುಹಾಕಿದೆ. ಅದರ ಜಾಗದಲ್ಲಿ ಎರಡು ಸಾಲು ಬಂದವು, ಮುಂಚೆ ಕೊಟ್ಟಾಗ ಆದದ್ದು ಒಂದು, ಆಮೇಲೆ ಕೊಟ್ಟಾಗ ಆದದ್ದು ಇನ್ನೊಂದು.